ಮೇಷ್ಟ್ರ ಗೂಡಿನ ಮಂಜುನೀರು

ಗಡಿಯಾರ ರಿಪೇರಿಯವನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಗಡಿಯಾರ ಕೊಡಲು ಬರುತ್ತಿದ್ದರು, ಇನ್ನರ್ಧ ಜನ ಮೇಷ್ಟ್ರನ್ನು ನೋಡಲು. ಮೇಷ್ಟ್ರು ಎಂದರೆ ಅವನು ಪರವಾನಗಿ ಇದ್ದವರಿಂದ ತಂದು ಸಾಕಿದ್ದ ಊಸರವಳ್ಳಿ. ಒಂದು ಕಣ್ಣು ಬಾಗಿಲ ಕಡೆ, ಇನ್ನೊಂದು ಗೋಡೆಯ ಕಡೆ. ಒಂದು ಹೆಜ್ಜೆ ಇಡುವ ಮೊದಲು ನಾಲ್ಕು ಸಲ ಯೋಚನೆ. ಆ ಗತ್ತು ನೋಡಿ ಅವನ ಹೆಂಡತಿಯೇ ಇಟ್ಟ ಹೆಸರು ಅದು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಕಿಟಕಿಯ ಪಕ್ಕದಲ್ಲಿ ಜಾಲರಿಯ ಗೂಡು, ಗೂಡಿನ ತುಂಬ ಹಸಿರು ಗಿಡ. ಕೆಳಗೆ ಒಂದು ನೀರಿನ ಟ್ಯಾಂಕ್, ಪುಟ್ಟ ಪಂಪು. ಪಂಪಿನಿಂದ ಸಣ್ಣ ಕೊಳವೆ ಮೇಲಕ್ಕೆ ಹೋಗಿ, ಎರಡು ನಾಜಲ್‌ಗಳಿಂದ ಹೊತ್ತುಹೊತ್ತಿಗೆ ಮಂಜಿನಂತೆ ನೀರು ಸಿಂಪಡಿಸುತ್ತಿತ್ತು. ಎಲೆಯ ಮೇಲೆ ಕೂತ ಹನಿಗಳೇ ಮೇಷ್ಟ್ರಿಗೆ ಕುಡಿಯುವ ನೀರು. ಬೇಸಿಗೆಯಲ್ಲಿ ತಂಪಾಗಿರುತ್ತದೆಂದು ಅವನ ಅಮ್ಮನೂ ಅಲ್ಲೇ ಕುರ್ಚಿ ಹಾಕಿಕೊಂಡು ಹೆಣಿಗೆ ಹಾಕುತ್ತಿದ್ದಳು, ಈಚೆಗೆ ನಡುನಡುವೆ ಕೆಮ್ಮುತ್ತಿದ್ದಳು.

ಒಂದು ವಾರದಿಂದ ಮೇಷ್ಟ್ರ ಲಕ್ಷಣ ಸರಿಯಿರಲಿಲ್ಲ. ಹಾಡಹಗಲೇ ಕಣ್ಣು ಮುಚ್ಚಿ ಕೂರುತ್ತಿತ್ತು. ಹುಳ ಹಿಡಿದು ತೋರಿಸಿದರೂ ನಾಲಿಗೆ ಹೊರಗೆ ಬರುತ್ತಿರಲಿಲ್ಲ. ನೋಡಲು ಬಂದವರು "ಮೇಷ್ಟ್ರು ರಜೆ ಮೇಲಿದ್ದಾರಾ?" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಅವರು ಹೋದ ಮೇಲೆ ಗೂಡಿನ ಮುಂದೆ ಹೋಗಿ ನಿಲ್ಲುತ್ತಿದ್ದ. ನೀರು ಸಾಲದೇನೋ ಎಂದುಕೊಂಡು ಪಂಪು ಇನ್ನೂ ಹೆಚ್ಚು ಹೊತ್ತು ಓಡುವಂತೆ ಮಾಡಿದ.

ಭಾನುವಾರ ಅವನ ಅಕ್ಕ ಬಂದಳು. ಅವಳು ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ. ಗೂಡಿನ ಮುಂದೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು.

"ಮೊದಲು ಹೋಗಿ ಮೇನ್ ಸ್ವಿಚ್ ಆರಿಸೋ."

"ಯಾಕೆ?"

"ಆ ವೈರು ನೋಡು. ಹನಿ ಅದರ ಮೇಲೇ ಇಳಿದುಕೊಂಡು ಸೀದಾ ಪ್ಲಗ್ ಬಾಕ್ಸಿಗೆ ಹೋಗ್ತಿದೆ. ಕೆಳಗೆ ನೆಲ ಒದ್ದೆ, ಅಮ್ಮನ ಕಾಲು ಅಲ್ಲೇ ಇದೆ."

ಅವನು ಓಡಿ ಸ್ವಿಚ್ ಆರಿಸಿ ಬಂದ. ಅಕ್ಕ ಟ್ಯಾಂಕಿನ ಮುಚ್ಚಳ ತೆಗೆದು, ಒಳಗೋಡೆಯ ಮೇಲೆ ಬೆರಳಾಡಿಸಿದಳು. ಬೆರಳು ಲೋಳೆಯಲ್ಲಿ ಜಾರಿತು.

"ಇದನ್ನ ತೊಳೆದು ಎಷ್ಟು ದಿನ ಆಯ್ತು?"

"ತೊಳೆಯೋದು ಏನಿದೆ ಅಕ್ಕ? ಬರೀ ನೀರು. ತಂದು ಮೂರು ತಿಂಗಳಾಯ್ತು, ಕಮ್ಮಿಯಾದಾಗ ಮೇಲಿಂದ ಹಾಕ್ತೀನಿ."

"ಹಳೇ ನೀರಿನ ಮೇಲೇ ಹೊಸ ನೀರು?"

"ಕಾಡಲ್ಲಿ ಇದಕ್ಕೆ ಯಾರು ಟ್ಯಾಂಕ್ ತೊಳೆದುಕೊಡ್ತಾರೆ, ಹೇಳು."

"ಕಾಡಲ್ಲಿ ಇದು ಒಂದೇ ಟ್ಯಾಂಕಿನ ನೀರು ಮೂರು ತಿಂಗಳು ಕುಡಿಯಲ್ಲ ಕಣೋ. ಮಳೆ ಬರುತ್ತೆ, ಗಾಳಿ ಬೀಸುತ್ತೆ, ಎಲೆ ಒಣಗುತ್ತೆ. ನೀನು ಇಲ್ಲಿ ಇಡೀ ದಿನ ಒದ್ದೆ ಮಾಡಿ ಇಟ್ಟಿದ್ದೀಯ. ನಮ್ಮ ಆಸ್ಪತ್ರೆಯಲ್ಲಿ ಬಾಯಿಗೆ ನೀರು ಬಿಡೋ ಕೊಳವೆ ಇದ್ಯಲ್ಲ, ಅದೂ ಇಷ್ಟೇ ಸಣ್ಣ. ಸುಮ್ಮನೆ ಬಿಟ್ಟರೆ ಒಳಗೆ ಲೋಳೆ ಕಟ್ಟುತ್ತೆ, ರೋಗಾಣು ಅದರಲ್ಲೇ ಸಂಸಾರ ಹೂಡುತ್ತೆ. ಅಲ್ಲಾದ್ರೆ ಉಗುಳಬಹುದು. ಇಲ್ಲಿ ನೀನು ಅದನ್ನ ಮಂಜು ಮಾಡಿ ಗಾಳಿಗೆ ಬಿಡ್ತೀಯ. ಮೇಷ್ಟ್ರೂ ಉಸಿರಾಡಬೇಕು, ಅಮ್ಮನೂ ಉಸಿರಾಡಬೇಕು."

ಅಮ್ಮ ಹೆಣಿಗೆ ನಿಲ್ಲಿಸಿ ಕುರ್ಚಿಯನ್ನು ಎರಡು ಮಾರು ಹಿಂದಕ್ಕೆ ಎಳೆದುಕೊಂಡಳು.

ಅವನಿಗೆ ಇನ್ನೂ ನಂಬಿಕೆ ಬರಲಿಲ್ಲ. ಅಕ್ಕ ವಾದ ಬೆಳೆಸದೆ ಒಂದು ನಾಜಲ್ ಬಿಚ್ಚಿ ಅವನ ಕೆಲಸದ ಮೇಜಿನ ಮೇಲಿಟ್ಟಳು. "ನಿನ್ನ ಕಣ್ಣಿಗೆ ಸಿಕ್ಕಿಸಿಕೊಳ್ಳೋ ಭೂತಗನ್ನಡಿ ಇದ್ಯಲ್ಲ, ಅದರಲ್ಲೇ ನೋಡು."

ಅವನು ನೋಡಿದ. ಕೂದಲೆಳೆಯಷ್ಟು ಸಣ್ಣ ರಂಧ್ರದ ಸುತ್ತ ಬಿಳಿ ಉಪ್ಪು ಹಕ್ಕಳೆಗಟ್ಟಿತ್ತು. ಅದರ ಹಿಂದೆ ಬೂದು ಬಣ್ಣದ ಗಸಿ. ಒಂದು ಧೂಳಿನ ಕಣ ಕಂಡರೂ ಗಡಿಯಾರವನ್ನು ಮತ್ತೆ ಬಿಚ್ಚುವ ಮನುಷ್ಯ ಅವನು. ಕಿವಿಯವರೆಗೂ ಕೆಂಪಾದ.

"ರೀ, ಗಿರಾಕಿ ಇಂಥಾ ಗಡಿಯಾರ ತಂದಿದ್ರೆ ಅರ್ಧ ಗಂಟೆ ಬುದ್ಧಿ ಹೇಳಿ ಕಳಿಸ್ತಿದ್ರಿ," ಎಂದಳು ಹೆಂಡತಿ.

"ನಿಜ ಕಣೇ," ಎಂದ ಅವನು ಮೆತ್ತಗೆ.

ಮಾರನೆಯ ದಿನ ಮೇಷ್ಟ್ರನ್ನು ಪ್ರಾಣಿ ವೈದ್ಯೆಯ ಬಳಿಗೆ ಒಯ್ದರು. ಉಸಿರಾಟಕ್ಕೆ ಸೋಂಕು ತಗುಲಿದೆ ಎಂದು ಅವರು ಔಷಧಿ ಶುರುಮಾಡಿದರು. "ಬೇಗ ತಂದಿದ್ದೀರಿ, ಉಳಿಯುತ್ತೆ. ಆದ್ರೆ ಆ ನೀರು ಹಾಗೇ ಇದ್ರೆ ನನ್ನ ಔಷಧಿ ದಂಡ," ಎಂದರು. ಅಮ್ಮನ ಕೆಮ್ಮಿನ ಮಾತು ಬಂದಾಗ, "ಅದಕ್ಕೆ ಇದೇ ಕಾರಣ ಅಂತ ನಾನು ಹೇಳಲಾರೆ, ಅವರ ಡಾಕ್ಟರಿಗೆ ತೋರಿಸಿ" ಎಂದರು. ಅಮ್ಮ ತೋರಿಸಿಕೊಂಡಳು, ಎದೆಯಲ್ಲಿ ಏನೂ ತೊಂದರೆ ಇರಲಿಲ್ಲ.

ಆ ಸಂಜೆ ಅಕ್ಕ ಮುಂದೆ ಕೂತು ಹೇಳಿಕೊಟ್ಟಳು, ಅವನು ತೋಳು ಮಡಿಸಿ ಕೆಲಸಕ್ಕಿಳಿದ. ಟ್ಯಾಂಕ್ ಖಾಲಿ ಮಾಡಿ ಬ್ರಷ್ಷಿನಿಂದ ಉಜ್ಜಿದ. ನಾಜಲ್‌ಗಳನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಹಾಕಿದ. ಅದೇ ನೀರನ್ನು ಕೊಳವೆಯೊಳಗೂ ಓಡಿಸಿ, ತುದಿಯನ್ನು ಬಕೆಟ್ಟಿಗೆ ಹಿಡಿದ. ಬಕೆಟ್ಟಿಗೆ ಬಿದ್ದ ಗಸಿ ನೋಡಿ ಹೆಂಡತಿ ಮೂಗು ಮುಚ್ಚಿಕೊಂಡಳು.

"ಬೇಗ ಆಗ್ಲಿ ಅಂತ ಸ್ವಲ್ಪ ಬ್ಲೀಚಿಂಗ್ ಪೌಡರೂ ಹಾಕಲಾ ಅತ್ತಿಗೆ?"

"ಬೇಡಮ್ಮ. ವಿನೆಗರ್ ಜೊತೆ ಅದು ಸೇರಿದ್ರೆ ವಿಷದ ಗಾಳಿ ಏಳುತ್ತೆ. ಇದನ್ನೇ ಒಳ್ಳೇ ನೀರಲ್ಲಿ ಮೂರು ಸಲ ಜಾಲಿಸಿ, ವಾಸನೆ ಪೂರ್ತಿ ಹೋಗಬೇಕು. ಮತ್ತೆ ಆ ಟ್ಯಾಂಕನ್ನ ಪಾತ್ರೆ ತೊಳೆಯೋ ಸಿಂಕಿಗೆ ತರಬೇಡ. ಇದಕ್ಕೆ ಬೇರೆ ಬಕೆಟ್ಟು, ಬೇರೆ ಬ್ರಷ್ಷು. ಆಮೇಲೆ ಸೋಪು ಹಾಕಿ ಕೈ ತೊಳೀರಿ."

ಪ್ಲಗ್ ಬಾಕ್ಸ್ ನೆಲ ಬಿಟ್ಟು, ಟ್ಯಾಂಕಿಗಿಂತ ಎತ್ತರದಲ್ಲಿ ಗೋಡೆ ಹತ್ತಿತು. ಹನಿ ಇಳಿದರೂ ನೆಲಕ್ಕೆ ಬೀಳಲಿ ಎಂದು ವೈರನ್ನು ಒಮ್ಮೆ ಕೆಳಗೆ ಜೋಲಲು ಬಿಟ್ಟು, ಆಮೇಲೆ ಪ್ಲಗ್ಗಿನ ಕಡೆಗೆ ಮೇಲೆ ತಂದರು. ಟ್ಯಾಂಕಿಗೆ ಫಿಲ್ಟರ್ ನೀರು ಬಂತು. ಎಲೆ ಒಣಗುವವರೆಗೂ ಮತ್ತೆ ಸಿಂಪಡಿಸದಂತೆ ಹೊತ್ತು ಹೊಂದಿಸಿದ್ದಾಯಿತು. ಶನಿವಾರ ತೊಳೆಯುವ ದಿನವೆಂದು ಅವನೇ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ.

ಎರಡು ವಾರ ಔಷಧಿ ನಡೆಯಿತು. ಹದಿನೈದನೆಯ ದಿನ ಒಬ್ಬ ಗಿರಾಕಿ ಹಣ ಕೊಡುತ್ತಿದ್ದಾಗ ಗೂಡಿನೊಳಗೆ ಪಟ್ಟನೆ ಸದ್ದಾಯಿತು. ಜಾಲರಿಗೆ ಅಂಟಿದ್ದ ಹುಳ ಮಾಯವಾಗಿತ್ತು. ಮೇಷ್ಟ್ರು ಎಳೆ ಹಸಿರಾಗಿ, ಎರಡೂ ಕಣ್ಣು ಅಗಲಿಸಿ, ನಿಧಾನವಾಗಿ ಜಗಿಯುತ್ತಿತ್ತು. ಗಡಿಯಾರದವನು ಚಿಲ್ಲರೆ ಕೊಡುವುದನ್ನೇ ಮರೆತು ಒಳಗೆ ಕೂಗಿ ಎಲ್ಲರನ್ನೂ ಕರೆದ. ಅಮ್ಮನೇ ಮೊದಲು ಬಂದಳು.

ನಿಮ್ಮ ಮನೆಯಲ್ಲೂ ಇಂಥ ಗೂಡು ಇದೆಯೇ? ಹಾಗಾದರೆ ಇವತ್ತೇ ಒಂದು ಗಳಿಗೆ ಅದರ ಮುಂದೆ ಕೂತುಕೊಳ್ಳಿ. ಕರೆಂಟ್ ಆರಿಸಿ, ಟ್ಯಾಂಕ್ ಬಿಚ್ಚಿ ನೋಡಿ. ವಾರಕ್ಕೊಮ್ಮೆ ತೊಳೆಯಿರಿ, ಹಳೆಯ ನೀರು ಚೆಲ್ಲಿ ಹೊಸದನ್ನೇ ತುಂಬಿ, ಹನಿಗೂ ಕರೆಂಟಿಗೂ ಭೇಟಿಯಾಗಲು ಬಿಡಬೇಡಿ. ಪ್ರಾಣಿ ಮಂಕಾದರೆ ನಾಳೆ ನೋಡೋಣ ಎನ್ನದೆ ವೈದ್ಯರ ಬಳಿಗೆ ಒಯ್ಯಿರಿ. ನೀರು ಕೆಟ್ಟಿದೆ ಎಂದು ಅದು ನಮ್ಮನ್ನು ಕೂಗಿ ಕರೆಯುವುದಿಲ್ಲ. ನಾವಾಗಿಯೇ ಹೋಗಿ ನೋಡಬೇಕು.