ಕಾರ್ಪೆಟ್ಟಿಗಿರುವ ಮರ್ಯಾದೆ

ನೆಲ್ಸನ್ ಎಂಬ ವಿದೇಶದ ಊರಿನಲ್ಲಿ ತಿಪ್ಪಣ್ಣನ ಪಕ್ಕದ ಮನೆಯವನು ಗ್ರಹಾಂ. ಸುತ್ತಲಿನ ಹಳೆಯ ಚರ್ಚುಗಳನ್ನು ತೋರಿಸುತ್ತೇನೆಂದು ಆ ಭಾನುವಾರ ಗಂಡ ಹೆಂಡತಿ ಇಬ್ಬರನ್ನೂ ತನ್ನ ಕಾರಿನಲ್ಲಿ ಕರೆದೊಯ್ದಿದ್ದ. ಕೊನೆಗೆ ತೋರಿಸಿದ್ದು ಛಾವಣಿ ಕುಸಿದುಬಿದ್ದ ಒಂದು ಕಲ್ಲಿನ ಚರ್ಚು. ತಿಪ್ಪಣ್ಣನ ಹೆಂಡತಿ ರತ್ನಪ್ರಭಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು.

ಗ್ರಹಾಂ ನಕ್ಕುಬಿಟ್ಟ. ಇಲ್ಲಿ ಪ್ರಾರ್ಥನೆ ನಿಂತು ಎಷ್ಟೋ ಕಾಲವಾಯಿತು, ದೇವರು ಮನೆ ಖಾಲಿ ಮಾಡಿ ಹೋಗಿದ್ದಾನೆ, ಚಪ್ಪಲಿ ಹಾಕಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತ, ಬಲಿಪೀಠದ ಕಲ್ಲಿನ ಮೇಲೆ ಕೆಸರು ಮೆತ್ತಿದ ಬೂಟುಗಾಲನ್ನಿಟ್ಟು ಲೇಸು ಬಿಗಿದುಕೊಂಡ.

ರತ್ನಪ್ರಭಾಳಿಗೆ ಮೈಯೆಲ್ಲ ಉರಿದುಹೋಯಿತು. ಅವಳ ತವರು ಐಹೊಳೆಯಲ್ಲಿ ಮೂರ್ತಿಯಿಲ್ಲದ ಗುಡಿಗಳು ಬೇಕಾದಷ್ಟಿದ್ದವು. ಅವುಗಳ ಹೊಸ್ತಿಲಲ್ಲೂ ಅವಳವ್ವ ಮಕ್ಕಳ ಚಪ್ಪಲಿ ಬಿಡಿಸುತ್ತಿದ್ದಳು.

"ರೀ, ಇವಗ ಕೇಳ್ರಿ," ಎಂದು ಗಂಡನತ್ತ ತಿರುಗಿದಳು. "ಇವನ ಮನಿಗೆ ಹೋದ್ರ ಬಾಗಲದಾಗ ಬೂಟು ಬಿಡಸ್ತಾನ. ಕಾರ್ಪೆಟ್ಟಿಗಿರೋ ಮರ್ಯಾದಿ ದೇವರ ಜಾಗಕ್ಕ ಇಲ್ಲೇನು?"

ತಿಪ್ಪಣ್ಣ ಹಲ್ಲು ಕಿರಿದು, ಇವಳಿಗೆ ಚರ್ಚು ಬಹಳ ಹಿಡಿಸಿತಂತೆ ಎಂದು ಗ್ರಹಾಂಗೆ ಇಂಗ್ಲಿಷಿನಲ್ಲಿ ಹೇಳಿದ.

ಅಷ್ಟು ಇಂಗ್ಲಿಷು ರತ್ನಪ್ರಭಾಳಿಗೂ ಬರುತ್ತಿತ್ತು.

"ಅವಗ ನಾನ ಹೇಳ್ತೀನಿ, ಬಿಡ್ರಿ. ಮೊದಲ ನೀವು ನಿಮ್ಮ ಕಾಲಾಗಿನ ಬೂಟು ಕಳೀರಿ!"