ಸೂಜಿಗೆ ಹತ್ತಿದ ಕಲೆ

ಕಿಟಕಿಯ ಗಾಜಿನ ಮೇಲೆ ಯಾರದೋ ತಲೆಯ ಎಣ್ಣೆ, ಬೆರಳಗಲದ ಜಿಡ್ಡು, ಹತ್ತಿ ಹೊಲದ ಮೇಲೂ ಅದೇ, ದಾರಿಬದಿಯ ಎಮ್ಮೆಯ ಬೆನ್ನ ಮೇಲೂ ಅದೇ, ಬಸ್ಸು ಓಡಿದಂತೆ ಜಿಡ್ಡೂ ಜೊತೆಗೇ ಓಡುತ್ತದೆ, ಸುವರ್ಣಾ ಮುಖ ತಿರುಗಿಸಿದಳು, ತಿರುಗಿಸಿದರೆ ಬಾಜೂಕ್ಕೆ ಖಾಸಿಂಬಿ ಚಾಚಿ, ಇಮಾಮುದ್ದೀನನ ತಾಯಿ, ನವಲಗುಂದದಲ್ಲಿ ಜಮಖಾನ ನೇಯುವಾಕೆ, ಇಡೀ ಬಸ್ಸಿನಲ್ಲಿ ಈಕೆಗೆ ಇದೇ ಸೀಟು ಸಿಗಬೇಕೆ ಶಿವನೇ — ಅರಾಮದಿಯೇನವಾ ಸುವರ್ಣಾ, ನಮ್ಮ ಹುಡುಗ ಲ್ಯಾಬ್ ಬಿಟ್ಟು ಮನ್ಯಾಗ ಕುಂತಾನ ನೋಡು, ನೆಟ್ಟಗ ಉಣ್ಣಂಗಿಲ್ಲ — ಅರಾಮ್ರಿ ಚಾಚಿ ಎಂದಳು, ಅದೆಂಥಾ ಅರಾಮು, ಮಾನಗೇಡಿ ಅರಾಮು, ಲ್ಯಾಬಿನಲ್ಲಿ ಇಮಾಮುದ್ದೀನ ಪಲೇಡಿಯಂ ಲೋಹದ ಬಿಲ್ಲೆಗಳನ್ನು ತೊಳೆದು ಕಾಸಿ ಅಣಿ ಮಾಡಿ ಕೊಡುತ್ತಿದ್ದ, ತಾನು ಅವುಗಳ ಮೇಲೆ ಬೆಳ್ಳಿಯ ಸೂಜಿ ಇಳಿಸುತ್ತಿದ್ದಳು, ಕಣ್ಣಿಗೆ ಕಾಣದಷ್ಟು ಚೂಪು ಅದರ ಮೊನೆ, ಆ ಮೊನೆಗೆ ಲೇಸರ್ ಬಿಟ್ಟರೆ ಲೋಹದ ಮೈಮೇಲೆ ಯಾವ ಅಣು ಎಲ್ಲಿ ಕೂತಿದೆಯೆಂದು ಪರದೆಯ ಮೇಲೆ ಚಿತ್ರ ಮೂಡುತ್ತದೆ, ಮೂಡಿತು, ಎಲ್ಲ ಬಿಲ್ಲೆಗಳ ಮೇಲೂ ಒಂದೇ ಇಂಗಾಲದ ಕಲೆ, ಯಾರ್ರೀ ಇದನ್ನ ತೊಳದವರು ಎಂದರು ಗೈಡ್ ಸರ್, ಕೈ ಸ್ವಚ್ಛ ಇಲ್ಲದವಗ ಈ ಕೆಲಸ ಅಲ್ಲ ತಗೋ ಎಂದರು, ಇಮಾಮುದ್ದೀನ ಎರಡೂ ಅಂಗೈ ಚಾಚಿ ನಿಂತ, ನೋಡ್ರಿ ಸರ್, ತೊಳದೇನ್ರಿ — ಸುವರ್ಣಾ ಆಗ ಪರದೆ ನೋಡುತ್ತಿದ್ದಳು, ಪರದೆಯನ್ನೇ.

ನಿನ್ನೆ ಅದೇ ಸೂಜಿಯನ್ನು ಹೊಚ್ಚ ಹೊಸ ಬಂಗಾರದ ತಗಡಿನ ಮೇಲೆ ಇಳಿಸಿದಳು, ಅಲ್ಲೂ ಅದೇ ಕಲೆ, ಹೊಲಸು ಬಿಲ್ಲೆಗಲ್ಲ, ಸೂಜಿಗೇ ಹತ್ತಿತ್ತು, ದಿನಾ ಬದಲಿಸಬೇಕಾದ ಸೂಜಿ, ಚಿತ್ರ ಭಾಳ ಚಂದ ಬರುತ್ತದೆಂದು ಆಸೆಗೆ ಬಿದ್ದು ತಾನೇ ಬದಲಿಸಿರಲಿಲ್ಲ, ಸರ್‌ಗೆ ಹೇಳಲಿಲ್ಲ, ಸುಮ್ಮನೆ ಬ್ಯಾಗು ತುಂಬಿದಳು, ಉಡಿ ತುಂಬತೀನಿ ಬಾರಬೇ ಎಂದು ಅವ್ವ ಕರೆದದ್ದೇ ನೆಪ, ಥೂ, ಉಡಿ ಬೇರೆ ಕೇಡು ನಿನಗೆ — ಕೈ ಹೊಲಸು ಅಂದ್ರಂತವಾ ನಮ್ಮ ಹುಡುಗಗ, ಚಾಚಿಯ ದನಿ ತಗ್ಗಿತು, ದಿನಕ್ಕ ಐದು ಹೊತ್ತು ತೊಳಕೊಳ್ಳೋ ಕೈ ಅದು, ಈಗ ಕುಂತಲ್ಲೇ ಅಂಗೈ ತಿರಗಿಸಿ ತಿರಗಿಸಿ ನೋಡಕೋತಾನ, ನನ್ನ ಕಡಿಂದನ ಏನರ ತಪ್ಪಾಗಿರಬೇಕು ಅಮ್ಮಿ, ಸುವರ್ಣಕ್ಕನ ಚಿತ್ರ ಸುಳ್ಳ ಹೇಳಂಗಿಲ್ಲ ಅಂತಾನ, ನೀನರ ಸಾಹೇಬರಿಗೆ ಒಂದು ಮಾತು ಹೇಳವಾ — ಭೂಮಿ ಬಾಯಿ ಬಿಡಬಾರದೆ, ಹೇಳು, ಈಗಲೇ ಹೇಳು, ಹೇಳಿದರೆ ಪ್ರಬಂಧ ಹೋಯಿತು, ಪದವಿ ಹೋಯಿತು, ಅವ್ವ ಮಂದಿಗೆ ಏನಂತ ಮುಖ ತೋರಿಸಬೇಕು, ಹೇಳದಿದ್ದರೆ — ತಪ್ಪು ಅವಂದಲ್ಲರಿ ಚಾಚಿ, ಬಾಯಿಂದ ಬಿದ್ದೇಬಿಟ್ಟಿತು, ಚಾಚಿಯ ಮುಖ ಅರಳಿತು, ಹೌದೇನವಾ, ನಾ ಅಂದಿದ್ದೆ, ನಾ ಮೊದಲ ಅಂದಿದ್ದೆ, ಮತ್ತ ಯಾರದವಾ ತಪ್ಪು, ಎನ್ನುತ್ತ ಹತ್ತಿರ ಸರಿದಳು, ಯಾರದು, ಯಾರದು, ಪರದೆಯ ಬೆಳಕಿನಲ್ಲಿ ಎರಡು ಅಂಗೈ, ನೋಡ್ರಿ, ತೊಳದೇನ್ರಿ, ಎರಡು ಅಂಗೈ —