ನಡುಹೊಳೆಯ ಬಂಡೆ

ರಬ್ಬರ್ ದೋಣಿ ಬಂಡೆಗೆ ಬಡಿದು ಅಡ್ಡಲಾಗಿ ನಿಂತಾಗ ಮುಂದೆ ಕೂತಿದ್ದ ಶಿವಗಂಗಮ್ಮ ಹುಟ್ಟನ್ನು ಬಿಟ್ಟುಬಿಟ್ಟರು. ಅವರ ಕೈ ಕೊರಳಿನ ಹತ್ತಿರ, ಲೈಫ್ ಜಾಕೆಟ್ಟಿನ ಒಳಗೆ, ಇಷ್ಟಲಿಂಗದ ಕರಡಿಗೆಯನ್ನು ಹುಡುಕುತ್ತಿತ್ತು.

"ಅತ್ತೆ, ಕಲ್ಲು ಹಿಡ್ಕೊಳ್ಳಿ! ಕಲ್ಲಿನ ಕಡೆ ವಾಲಿ!" ಹಿಂದಿನಿಂದ ಸೌಮ್ಯ ಕೂಗಿದಳು.

ನುಗ್ಗಿ ಬರುತ್ತಿದ್ದ ನೀರು ದೋಣಿಯ ಒಂದು ಅಂಚನ್ನು ಆಗಲೇ ಒಳಕ್ಕೆ ಎಳೆಯುತ್ತಿತ್ತು. ಸೌಮ್ಯ ಬಂಡೆಯ ಸೀಳಿಗೆ ಬೆರಳು ತೂರಿಸಿ, ಮೊಣಕಾಲೂರಿ ಮೇಲೆ ಹತ್ತಿದಳು. ತಿರುಗಿ ಅತ್ತೆಯ ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು ಎಳೆದಳು. ಇಬ್ಬರೂ ಬಂಡೆಯ ಮೇಲೆ ಮಗ್ಗುಲಾಗಿ ಬಿದ್ದರು. ಅವರ ಭಾರ ಇಳಿದದ್ದೇ ತಡ, ದೋಣಿ ಮಡಚಿಕೊಂಡು ಬಂಡೆಯ ಮೈ ಸವರುತ್ತ ಆಚೆ ಜಾರಿತು, ಮಗುಚಿತು, ತಿರುವಿನಲ್ಲಿ ಮರೆಯಾಯಿತು.

ದೂರದಲ್ಲಿ ದಾರಿ ತೋರಿಸುತ್ತಿದ್ದ ದೇವರಾಜ ತನ್ನ ಪುಟ್ಟ ದೋಣಿಯಿಂದ ಹಿಂತಿರುಗಿ ನೋಡಿದ. ಪ್ರವಾಹಕ್ಕೆ ಎದುರಾಗಿ ಬರಲು ಅವನಿಗೆ ಆಗುತ್ತಿರಲಿಲ್ಲ. 'ಅಲ್ಲೇ ಇರಿ' ಎಂದು ಅಂಗೈ ಎತ್ತಿ ತೋರಿಸಿದ, ಹಗ್ಗ ಎಸೆಯುವ ಸನ್ನೆ ಮಾಡಿದ, ಅವನೂ ತಿರುವಿನಲ್ಲಿ ಕಾಣೆಯಾದ. ಉಳಿದ ಹೆಂಗಸರ ದೊಡ್ಡ ರಾಫ್ಟು ಅದಾಗಲೇ ಮುಂದೆ ಹೋಗಿತ್ತು.

ಬೆಳಿಗ್ಗೆ ಹೊರಟಾಗ ಭದ್ರೆ ಸಾಧುವಾಗಿದ್ದಳು. ಕುದುರೆಮುಖದ ಕಡೆ ಮಳೆ ಹೊಡೆದಿರಬೇಕು, ಮಧ್ಯಾಹ್ನದ ಊಟಕ್ಕೆ ದಡ ಹತ್ತಿ ಮತ್ತೆ ಇಳಿಯುವಷ್ಟರಲ್ಲಿ ನೀರು ಕೆಂಪಾಗಿತ್ತು. ಬಂಡೆ ಹೊಳೆಯ ನಟ್ಟ ನಡುವೆ ಇತ್ತು. ಇಬ್ಬರು ಕಾಲು ಮಡಚಿ ಕೂರುವಷ್ಟು ಜಾಗ. ಎರಡೂ ಕಡೆ ನೀರಿನ ಸದ್ದು, ಅದರಾಚೆ ದಡ, ದಡದ ಮೇಲೆ ಯಾರದೋ ಕಾಫಿ ತೋಟದ ಬೇಲಿ. ಮನುಷ್ಯರು ಯಾರೂ ಕಾಣಲಿಲ್ಲ.

ಈ ಪ್ರವಾಸ ಸೌಮ್ಯಳ ಕಾಲೇಜು ಗೆಳತಿ ಸುಪ್ರಿಯಾಳದು. ಇಬ್ಬರೂ ಒಂದೇ ಖೋಖೋ ತಂಡದಲ್ಲಿ ಆಡಿದವರು. ಸುಪ್ರಿಯಾ ಈಗ ಹೆಂಗಸರನ್ನಷ್ಟೇ ಕಟ್ಟಿಕೊಂಡು ಗುಡ್ಡ, ಹೊಳೆ ತಿರುಗಿಸುತ್ತಾಳೆ. ಮೊದಲ ದಿನ ಕೊಟ್ಟಿಗೆಹಾರದಿಂದ ಕಳಸಕ್ಕೆ ಸೈಕಲ್ಲು, ಎರಡನೆಯ ದಿನ ಹೊಳೆ, ಮೂರನೆಯ ದಿನ ಬೆಟ್ಟ ಹತ್ತಿ ಹಗ್ಗದಲ್ಲಿ ಇಳಿಯುವುದು. ಅವಳು ಮೂಡಿಗೆರೆಯ ಮಂಡಿಗೇ ಬಂದು ಸೌಮ್ಯಳನ್ನು ಕಳಿಸಿಕೊಡಿ ಎಂದು ಅವಳ ಗಂಡ ವೀರೇಂದ್ರನನ್ನು ಕೇಳಿದಾಗ, ಮೆಣಸು ತೂಗಿಸಲು ಬಂದಿದ್ದ ಬೆಳೆಗಾರರ ಎದುರಿಗೆ ಅವನು ನಕ್ಕು, "ಧಾರಾಳವಾಗಿ ಹೋಗ್ಲಿ" ಎಂದಿದ್ದ. ಮನೆಗೆ ಬಂದವನು ಊಟದ ತಟ್ಟೆ ನೋಡುತ್ತಲೇ, "ಸುಮ್ನೆ ಹಂಗಂದೆ, ನೀನು ಎಲ್ಲಿಗೂ ಹೋಗೋದು ಬೇಡ" ಎಂದ. ಆಗ ಶಿವಗಂಗಮ್ಮ ಸಾರು ಬಡಿಸುತ್ತ, "ನಾನೂ ಜೊತೇಲಿ ಹೋಗ್ತೀನಿ ಬಿಡು" ಎಂದಿದ್ದರು. ಅವನು ತಾಯಿಯ ಮುಖವನ್ನು ಬಹಳ ಹೊತ್ತು ನೋಡಿ ಒಪ್ಪಿದ.

ವೀರೇಂದ್ರ ಒಂದು ದಿನವೂ ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಮನೆಯ ಮಗ್ಗುಲಿನ ಗೋದಾಮಿನಲ್ಲಿ ಮೆಣಸಿನ ಮೂಟೆ ಕಳುವಾದ ವರ್ಷ ಗೇಟಿಗೊಂದು, ಅಂಗಳಕ್ಕೊಂದು ಕ್ಯಾಮೆರಾ ಹಾಕಿಸಿದ. ಆಮೇಲೆ ಜಗಲಿಗೆ, ಅಡುಗೆಮನೆಗೆ, ಕೊನೆಗೆ ಪೂಜೆಯ ಕೋಣೆಗೂ ಬಂತು. ಅವು ನೋಡುವುದಷ್ಟೇ ಅಲ್ಲ, ಮಾತೂ ಆಡುತ್ತಿದ್ದವು. ಮಂಡಿಯಲ್ಲಿ ಕೂತು ಅವನು ಫೋನಿನಲ್ಲಿ ಹೇಳಿದ್ದು ಗೋಡೆಯಿಂದ ಕೇಳುತ್ತಿತ್ತು. "ಸೌಮ್ಯ, ಕಿಟಕಿ ಹತ್ರ ಯಾಕೆ ಅಷ್ಟು ಹೊತ್ತು ನಿಂತಿದ್ದೀಯ?" "ಅಮ್ಮ, ಡಬ್ಬಿಯಿಂದ ಬೆಲ್ಲ ಬಾಯಿಗೆ ಹಾಕ್ಕೊಂಡೆ ಅಲ್ವಾ? ಸಕ್ಕರೆ ಏರ್ತದೆ." ಸೌಮ್ಯ ಶಾಲೆಯ ಆಟದ ಟೀಚರ್ ಕೆಲಸ ಬಿಟ್ಟದ್ದೂ ಹಾಗೆಯೇ, ಮೆತ್ತಗಿನ ಮಾತಿನಲ್ಲಿ, ಒಂದೊಂದೇ ದಿನ ರಜೆ ಹಾಕಿಸುತ್ತ ಬಿಡಿಸಿದ್ದ. ಮಕ್ಕಳಾಗಿರಲಿಲ್ಲ. ಆಸ್ಪತ್ರೆಗೂ ಅವನೇ ಕರೆದುಕೊಂಡು ಹೋಗಿ, ಡಾಕ್ಟರ ಪ್ರಶ್ನೆಗಳಿಗೆ ಅವನೇ ಉತ್ತರ ಹೇಳುತ್ತಿದ್ದ.

ಮೂರನೆಯ ದಿನ ಬೆಳಿಗ್ಗೆ ಉಳಿದವರು ಬೆಟ್ಟಕ್ಕೆ ಹೊರಟಾಗ ಸೌಮ್ಯ ಕಳಸದಿಂದ ಕೊಪ್ಪದ ಬಸ್ಸು ಹತ್ತುವವಳಿದ್ದಳು. ತೀರ್ಥಹಳ್ಳಿಯ ಆಚೆ ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ ಸುಪ್ರಿಯಾ ಅವಳಿಗೆ ಕೆಲಸ ಮಾತಾಡಿದ್ದಳು. ಅದು ಅವರಿಬ್ಬರಿಗಷ್ಟೇ ಗೊತ್ತಿತ್ತು. ಕಾವಲಿಗೆ ಬಂದ ಅತ್ತೆಯ ಕಣ್ಣು ತಪ್ಪಿಸುವುದೊಂದು ಉಳಿದಿತ್ತು.

"ನೀರು ಏರ್ತಾ ಇದೆ" ಎಂದರು ಶಿವಗಂಗಮ್ಮ.

"ಇಲ್ಲ ಅತ್ತೆ. ದೇವರಾಜ ಹಗ್ಗ ತರ್ತಾನೆ. ಅಲ್ಲೀವರೆಗೆ ಅಲ್ಲಾಡ್ಬೇಡಿ."

"ನಾನು ಬಾಳೆಹೊಳೆ ಹುಡುಗಿ ಮಾರಾಯ್ತಿ. ಇದೇ ಹೊಳೇಲಿ ಈಜಿ ಬೆಳೆದೋಳು. ನಂಗೆ ಹೇಳ್ಬೇಡ. ಆ ದಡದ ಗಿಡದ ಬುಡ ಆಗ ಕಾಣ್ತಿತ್ತು. ಈಗ ಕಾಣಲ್ಲ."

ಸೌಮ್ಯ ನೋಡಿದಳು. ನಿಜವಾಗಿತ್ತು. ಗಿಡದ ಎಲೆಗಳು ನೀರಿಗೆ ತಾಗಿ ನಡುಗುತ್ತಿದ್ದವು. ಅವಳು ಅತ್ತೆಯನ್ನು ಬಂಡೆಯ ಎತ್ತರದ ಕಡೆಗೆ ಸರಿಸಿ ತಾನು ಕೆಳಗೆ ಕೂತಳು.

"ನೀನು ವಾಪಸ್ ಬರಲ್ಲ ಅಲ್ದಾ?"

"ಎಲ್ಲಿಗೆ?"

"ಮನೆಗೆ." ಶಿವಗಂಗಮ್ಮ ನೀರನ್ನೇ ನೋಡುತ್ತಿದ್ದರು. "ಗುಡ್ಡ ಹತ್ತೋಕೆ ಹೊರಟೋಳು ಬ್ಯಾಗಿಗೆ ರೇಷ್ಮೆ ಸೀರೆ ತುಂಬ್ತಾಳಾ? ವ್ಯಾನಿಗೆ ಎತ್ತಿಟ್ಟಿದ್ದು ನಾನೇ. ಜಿಪ್ಪು ಬಿಟ್ಕೊಂಡಿತ್ತು. ನಿಮ್ಮಮ್ಮ ಕೊಟ್ಟ ಹಸಿರು ಸೀರೆ ಅದು."

"ಅವರಿಗೆ ಹೇಳಿದ್ದೀರಾ?"

"ಹೇಳಿದ್ರೆ ನೀನು ಇಲ್ಲಿ ಇರ್ತಿದ್ದೆಯಾ?"

"ನನ್ನ ಕಾಯೋಕೆ ಬಂದ್ರಿ ಅಂತ ಮೊದಲೇ ಗೊತ್ತಿತ್ತು ನಂಗೆ."

"ಕಾಯೋಕಲ್ಲ, ಕೇಳೋಕೆ ಬಂದೆ." ಅವರು ಮೊದಲ ಬಾರಿಗೆ ಸೊಸೆಯ ಕಡೆ ತಿರುಗಿದರು. ಹೆಲ್ಮೆಟ್ಟಿನ ಪಟ್ಟಿ ಗಲ್ಲಕ್ಕೆ ಒತ್ತಿ ಮುಖ ಸಣ್ಣದಾಗಿ ಕಾಣುತ್ತಿತ್ತು. ಹಣೆಯ ವಿಭೂತಿ ಪೂರ್ತಿ ತೊಳೆದುಹೋಗಿತ್ತು. "ಮನೇಲಿ ಎಲ್ಲಿ ನಿಂತು ಕೇಳ್ಲಿ? ಬಚ್ಚಲಲ್ಲಾ? ಹೋಗ್ಬೇಡ ಸೌಮ್ಯ. ನಿನ್ನ ಒಳ್ಳೇದಕ್ಕೆ ಅಂತ ಹೇಳ್ತಿಲ್ಲ ನಾನು. ನನಗೋಸ್ಕರ ಹೇಳ್ತಿದೀನಿ. ಈಗ ಅವನ ಕಣ್ಣು ಇಬ್ಬರ ಮೇಲೆ ಹಂಚಿಹೋಗ್ತದೆ. ನೀನು ಹೋದ್ರೆ ಪೂರ್ತಿ ನನ್ನ ಮೇಲೆ."

ನೀರು ಬಂಡೆಗೆ ಬಡಿದು ಇಬ್ಬರ ಮೇಲೂ ಎರಚಿತು. ಅತ್ತೆ ಮಗನಿಗೆ ಹೆದರಬಹುದು ಎಂದು ಸೌಮ್ಯ ಯಾವತ್ತೂ ಯೋಚಿಸಿರಲಿಲ್ಲ.

"ಸಣ್ಣೋನಿದ್ದಾಗ ನನ್ನ ಸೆರಗು ಬೆರಳಿಗೆ ಸುತ್ಕೊಂಡು ಮಲಗೋನು" ಎಂದರು ಶಿವಗಂಗಮ್ಮ. "ಬಿಡಿಸ್ಕೊಂಡ್ರೆ ಎದ್ದು ಕೂರೋನು. ಎಲ್ಲ ಮಕ್ಕಳೂ ಹಂಗೇ ಅಂದ್ಕೊಂಡೆ. ಈಗ ಪೂಜೆಗೆ ಕೂತು ಲಿಂಗ ಅಂಗೈಲಿ ಇಟ್ಕೊಂಡ್ರೂ ಬೆನ್ನ ಹಿಂದೆ ಅದು ನೋಡ್ತಾ ಇರ್ತದೆ. ಕಣ್ಣು ಮುಚ್ಚಿದ್ರೆ ದೇವರು ಬರಲ್ಲ, ಅವನೇ ಬರ್ತಾನೆ."

"ನೀವು ಒಂದು ಸಲನೂ ಬೇಡ ಅನ್ಲಿಲ್ಲ ಅತ್ತೆ. ಕ್ಯಾಮೆರಾ ಹಾಕ್ಸೋವಾಗ ಅನ್ಲಿಲ್ಲ. ನನ್ನ ಕೆಲ್ಸ ಬಿಡ್ಸೋವಾಗ್ಲೂ ಅನ್ಲಿಲ್ಲ."

"ಅನ್ಲಿಲ್ಲ."

"ನಾನು ಇರಲ್ಲ ಅತ್ತೆ. ನಂಗೆ ಆಗಲ್ಲ."

ಶಿವಗಂಗಮ್ಮನ ಕೈ ಸೌಮ್ಯಳ ಜಾಕೆಟ್ಟಿನ ಪಟ್ಟಿಯನ್ನು ಹಿಡಿದುಕೊಂಡಿತು. ಸೌಮ್ಯಳೂ ಬಿಡಿಸಿಕೊಳ್ಳಲಿಲ್ಲ. ಕೆಂಪು ನೀರು ಅವಳ ಹಿಮ್ಮಡಿಯವರೆಗೆ ಬಂದಿತ್ತು.

ದಡದಲ್ಲಿ ಬೇಲಿ ಸರಿಸಿಕೊಂಡು ದೇವರಾಜ ಮೊದಲು ಕಾಣಿಸಿದ, ಹಿಂದೆ ಸುಪ್ರಿಯಾ, ಅವಳ ಹಿಂದೆ ಕಿತ್ತಳೆ ಜಾಕೆಟ್ಟಿನ ಹೆಂಗಸರು. ಅವನು ಎಸೆದ ಹಗ್ಗ ನೀರಿಗೆ ಬಿತ್ತು. ಸುತ್ತಿಕೊಂಡು ಇನ್ನೂ ಮೇಲಕ್ಕೆ ಹೋಗಿ ಎಸೆದ. ಸೌಮ್ಯ ಮೈ ಪೂರ್ತಿ ಚಾಚಿ ಹಾರಿ ಅದರ ತುದಿ ಹಿಡಿದಳು. ಒಂದು ಸಲಕ್ಕೆ ಒಬ್ಬರೇ, ಎಂದು ದೇವರಾಜ ಬೆರಳೆತ್ತಿ ಕೂಗಿದ.

"ನೀವು ಮೊದಲು" ಎಂದು ಸೌಮ್ಯ ಹಗ್ಗದ ಕೊಂಡಿಯನ್ನು ಅತ್ತೆಯ ಜಾಕೆಟ್ಟಿನ ಬೆನ್ನಿಗೆ ಸಿಕ್ಕಿಸಿದಳು. "ಅಂಗಾತ ಮಲಗಿ. ಕಾಲು ಮುಂದೆ. ಆಕಾಶ ನೋಡ್ತಾ ಇರಿ. ಅವರು ಎಳ್ಕೋತಾರೆ."

ಶಿವಗಂಗಮ್ಮನ ಕೈ ಸೊಸೆಯ ಪಟ್ಟಿಯನ್ನು ಇನ್ನೂ ಬಿಟ್ಟಿರಲಿಲ್ಲ.

"ಅತ್ತೆ, ಬಿಡಿ."

ಬಿಡಲಿಲ್ಲ. ಸೌಮ್ಯ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ತಣ್ಣಗೆ ಮರಗಟ್ಟಿದ್ದ ಬೆರಳುಗಳು. ಕೊನೆಯದನ್ನು ಬಿಡಿಸಿದ ಮೇಲೆ ಅವಳು ಅವರನ್ನು ನೀರಿಗೆ ಇಳಿಸಿದಳು.

ಹೊಳೆ ಅವರನ್ನು ಕಸಿದುಕೊಂಡಿತು. ಕಿತ್ತಳೆ ಜಾಕೆಟ್ಟು ಒಂದು ಸಲ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ದಡದಲ್ಲಿ ಹೆಂಗಸರು ಹಗ್ಗ ಹಿಡಿದು ಹಿಂದಕ್ಕೆ ವಾಲಿ ನಿಂತಿದ್ದರು. ಬಂಡೆಯ ಮೇಲೆ ಒಂಟಿಯಾಗಿ ನಿಂತ ಸೌಮ್ಯಳಿಗೆ ಬಸ್ಸು, ಶಾಲೆ ಯಾವುದೂ ನೆನಪಿಗೆ ಬರಲಿಲ್ಲ. "ಉಸಿರು ಹಿಡೀರಿ, ಉಸಿರು ಹಿಡೀರಿ" ಎಂದು ತನಗೇ ಕೇಳಿಸದ ದನಿಯಲ್ಲಿ ಹೇಳುತ್ತಿದ್ದಳು. ದಡದ ಕೆಸರಿನಲ್ಲಿ ಅತ್ತೆ ಮಂಡಿಯೂರಿ ಕೆಮ್ಮಿದ್ದು ಕಂಡ ಮೇಲೆಯೇ ಅವಳು ಮುಂದಿನ ಹಗ್ಗಕ್ಕೆ ಕೈ ಚಾಚಿದ್ದು.

ಯಾರೋ ಒಬ್ಬಳು ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದಳು. ಕಳಸಕ್ಕೆ ಬಂದು ನೆಟ್‌ವರ್ಕ್ ಸಿಕ್ಕ ಕೂಡಲೇ ಅದು ಅವಳ ಸ್ಟೇಟಸ್ಸಿಗೆ ಏರಿತು. ಅಲ್ಲಿಂದ ಮೂಡಿಗೆರೆಗೆ ಹೋಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಂಗಸರು ಲಾಡ್ಜಿನ ಅಂಗಳದಲ್ಲಿ ಕೂತು ಶುಂಠಿ ಕಾಫಿ ಕುಡಿಯುತ್ತ, ಕಾಲಿಗೆ ಅಂಟಿದ ಇಂಬಳಗಳನ್ನು ಕೀಳುತ್ತ, ಹೆದರಿಕೆ ಇಳಿದ ಮೇಲೆ ಬರುವ ನಗು ನಗುತ್ತಿದ್ದಾಗ ವೀರೇಂದ್ರನ ಕಾರು ಗೇಟಿನೊಳಗೆ ಬಂತು.

ಅವನು ಯಾರನ್ನೂ ಬೈಯಲಿಲ್ಲ. ನೇರ ಬಂದು ತಾಯಿಯ ಕಾಲ ಬಳಿ ಕೂತು, ಮನೆಯಿಂದ ತಂದಿದ್ದ ಟವಲಿನಲ್ಲಿ ಅವರ ಪಾದ ಒರೆಸತೊಡಗಿದ.

"ನಿಮಗಿಬ್ಬರಿಗೂ ಏನಾದ್ರೂ ಆಗಿದ್ರೆ ನಾನು ಹೆಂಗೆ ಬದುಕಿರ್ಲಿ?" ಎಂದ. ಅದು ನಾಟಕವಲ್ಲ ಎಂಬುದು ಸೌಮ್ಯಳಿಗೆ ಗೊತ್ತಿತ್ತು. ಅವನ ಮಾತು ಎಂದೂ ನಾಟಕವಾಗಿರಲಿಲ್ಲ. ಅದರಿಂದಲೇ ಅವಳು ಇಷ್ಟು ವರ್ಷ ಎದುರಾಡಲಾರದೆ ಉಳಿದಿದ್ದಳು. "ಬ್ಯಾಗ್ ತಗೊಂಡು ಬನ್ನಿ. ಹೊರಡಣ."

ಸುಪ್ರಿಯಾ ಗೆಳತಿಯನ್ನೇ ನೋಡಿದಳು. ಸೌಮ್ಯ ಇಲ್ಲ ಎನ್ನಬೇಕೆಂದುಕೊಂಡಳು. ಅವಳ ಕಾಲುಗಳು ತಾವಾಗಿ ಎದ್ದವು, ಕೋಣೆಯ ಕಡೆ ನಡೆದವು. ಬಾಗಿಲ ಚಿಲಕದ ಮೇಲೆ ಕೈ ಇಟ್ಟಾಗ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

"ಅವಳು ಈಗ ಬರಂಗಿಲ್ಲ ಕಣೋ."

"ಯಾಕೆ?"

"ಹರಕೆ. ಹೊಳೆ ಮಧ್ಯೆ ಹೊತ್ಕೊಂಡೆ. ಇಬ್ಬರನ್ನೂ ದಡ ಮುಟ್ಸಿದ್ರೆ ನಾಳೆ ಬೆಳಿಗ್ಗೆ ಸೊಸೆ ಕೈಲಿ ಹೊರನಾಡಿನ ಅಮ್ಮನೋರಿಗೆ ಅಕ್ಕಿ ಸಲ್ಲಿಸ್ತೀನಿ ಅಂತ."

ಸೌಮ್ಯ ತಿರುಗಿದಳು. ಬಂಡೆಯ ಮೇಲೆ ಅತ್ತೆ ಯಾವ ಹರಕೆಯನ್ನೂ ಹೊತ್ತಿರಲಿಲ್ಲ.

ವೀರೇಂದ್ರ ಒಂದು ಕ್ಷಣ ಯೋಚಿಸಿದ. "ಹಂಗಾದ್ರೆ ನಾನೂ ಉಳೀತೀನಿ. ಬೆಳಿಗ್ಗೆ ಮೂವರೂ ದರ್ಶನ ಮಾಡ್ಕೊಂಡೇ ಹೋಗಣ."

"ನನ್ನ ಸಕ್ಕರೆ ಮಾತ್ರೆ ಹೊಳೇಲಿ ಹೋಯ್ತು. ಮಧ್ಯಾಹ್ನದ್ದು ತಗೊಂಡಿಲ್ಲ. ಕಣ್ಣು ಕತ್ತಲೆ ಬಂದಂಗೆ ಆಗ್ತಿದೆ."

"ಇಲ್ಲೇ ಮೆಡಿಕಲ್‌ನಲ್ಲಿ ತರ್ತೀನಿ."

"ಆಗ್ಲೇ ಯಾರನ್ನೋ ಕಳ್ಸಿ ಕೇಳಿಸ್ದೆ. ಆ ಕಂಪನೀದು ಇಲ್ಲಿ ಇಲ್ಲ. ಬೇರೇದು ನುಂಗ್ಬಾರ್ದು ಅಂತ ನೀನೇ ತಾನೆ ಹೇಳಿದ್ದು?" ಶಿವಗಂಗಮ್ಮ ಕುರ್ಚಿಯ ಕೈ ಹಿಡಿದು ನಿಧಾನ ಎದ್ದರು, ಸ್ವಲ್ಪ ತೂರಾಡಿದರು. "ನನ್ನ ಮನೆ ಮುಟ್ಸು ವೀರೇಂದ್ರ. ಇವರೆಲ್ಲ ಇದ್ದಾರಲ್ಲ, ಅವಳು ಹರಕೆ ತೀರಿಸ್ಕೊಂಡು ಬರ್ತಾಳೆ."

ಮಧ್ಯಾಹ್ನದ ಊಟದ ಮುಂಚೆ ಅತ್ತೆ ಮಾತ್ರೆ ನುಂಗಿದ್ದನ್ನು ಸೌಮ್ಯ ಕಂಡಿದ್ದಳು. ಉಳಿದ ಮಾತ್ರೆಗಳು ಕೋಣೆಯಲ್ಲಿ, ಅವರ ದಿಂಬಿನ ಹತ್ತಿರ ಇದ್ದವು.

ವೀರೇಂದ್ರ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಎರಡು ಕಡೆಗೂ ಒಟ್ಟಿಗೆ ಹೋಗಲಾರದವನಂತೆ ಅಂಗಳದ ನಡುವೆ ನಿಂತ. ಕೊನೆಗೆ ತಾಯಿಯ ತೋಳು ಹಿಡಿದ.

"ನಾಳೆ ಸಂಜೆಯೊಳಗೆ ಮನೇಲಿರ್ಬೇಕು" ಎಂದ. "ಲೊಕೇಶನ್ ಆನ್ ಇಟ್ಟಿರು."

ಸೌಮ್ಯಳ ಎದುರು ಹಾದು ಹೋಗುವಾಗ ಶಿವಗಂಗಮ್ಮ ನಿಂತರು. ಸೊಸೆಯ ಕೈ ಹಿಡಿಯಲಿಲ್ಲ, ಕಣ್ಣಿಗೆ ಕಣ್ಣನ್ನೂ ಕೊಡಲಿಲ್ಲ. "ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದಷ್ಟೇ ಹೇಳಿದರು.

"ಅತ್ತೆ..." ಎಂದಳು ಸೌಮ್ಯ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಸುಪ್ರಿಯಾ ಅವಳ ಮಣಿಕಟ್ಟು ಹಿಡಿದಳು.

ಕಾರು ಹಿಂದಕ್ಕೆ ಬಂದು ಗೇಟಿನ ಕಡೆ ತಿರುಗಿತು. ಹನಿ ಶುರುವಾಗಿತ್ತು. ಶಿವಗಂಗಮ್ಮ ತಮ್ಮ ಕಡೆಯ ಗಾಜು ಇಳಿಸಿ ಕೈ ಹೊರಗೆ ಚಾಚಿದರು. ಅಂಗೈ ಮೇಲಾಗಿತ್ತು. ಬೀಳುತ್ತಿದ್ದ ಹನಿ ಹಿಡಿಯುತ್ತಿದ್ದರೋ, ಸುಮ್ಮನೆ ಇಟ್ಟಿದ್ದರೋ. ಕಾರು ರಸ್ತೆಗೆ ಏರುವಾಗ, ಚಾಲಕನ ಕಡೆಯಿಂದ ಗುಂಡಿ ಒತ್ತಿದಂತೆ, ಗಾಜು ತಾನಾಗಿ ಮೇಲೇರತೊಡಗಿತು. ಕೈ ಒಳಗೆ ಹೋಯಿತು. ಗಾಜು ಪೂರ್ತಿ ಮುಚ್ಚಿಕೊಂಡ ಮೇಲೆ ಒಳಗಿನ ಮುಖ ಕಾಣಲಿಲ್ಲ. ಎದುರಿನ ಗುಡ್ಡ ಮಾತ್ರ ಅದರ ಮೇಲೆ ಸ್ವಲ್ಪ ದೂರ ಹರಿದುಹೋಯಿತು.